ತಂಗಡಿ ಹೂವಿನ ಚಹಾ: ಗೋಮಾಳದ ಹೂವನ್ನು ಒಣಗಿಸಿ ಕುಡಿಯಬಹುದೇ?

ಪ್ರಶ್ನೆ: ಮಧುಗಿರಿ ಸೀಮೆಯ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಗೋಮಾಳದಲ್ಲಿ, ಕೆರೆಗೆ ಹೋಗುವ ದಾರಿಯ ಎರಡೂ ಬದಿಗೆ ತಂಗಡಿ ಗಿಡಗಳು ಈಗ ಮೈತುಂಬ ಹೂ ಬಿಟ್ಟು ನಿಂತಿವೆ. ದೀಪಾವಳಿಯಲ್ಲಿ ಸಗಣಿ ಬೆನಕನಿಗೆ ಸಿಕ್ಕಿಸಲು ನಾಲ್ಕು ಗೊಂಚಲು ಕಿತ್ತು ತರುವುದನ್ನು ಬಿಟ್ಟರೆ ಈ ಹೂವಿಗೆ ನಮ್ಮ ಮನೆಯಲ್ಲಿ ಬೇರೆ ಉಪಯೋಗವೇ ಇರಲಿಲ್ಲ. ಆದರೆ ಕಳೆದ ತಿಂಗಳು ತುಮಕೂರಿನ ಗ್ರಂಧಿಗೆ ಅಂಗಡಿಯೊಂದರಲ್ಲಿ ಇದೇ ಹೂವನ್ನು ಒಣಗಿಸಿ ಪೊಟ್ಟಣ ಕಟ್ಟಿ, 'ಆವರಿಕೆ ಹೂವಿನ ಚಹಾ, ಸಕ್ಕರೆ ಕಾಯಿಲೆಗೆ ರಾಮಬಾಣ' ಎಂದು ಚೀಟಿ ಅಂಟಿಸಿ ಮಾರುತ್ತಿದ್ದುದನ್ನು ನಮ್ಮ ಅತ್ತೆಯವರು ನೋಡಿದರು. ಅವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು, ಬೆಳಿಗ್ಗೆ ಮತ್ತು ರಾತ್ರಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಊರ ತುಂಬ ಬಿದ್ದಿರುವ ಹೂವಿಗೆ ದುಡ್ಡು ಕೊಡುವುದು ಏಕೆ, ನಾವೇ ಕಿತ್ತು ಒಣಗಿಸೋಣ ಎಂದು ಈಗ ಹಟ ಹಿಡಿದಿದ್ದಾರೆ.

ಅಂಗಡಿಯ ಆವರಿಕೆಯೂ ನಮ್ಮ ತಂಗಡಿಯೂ ಒಂದೇ ಹೌದೇ, ಹೂವನ್ನು ಯಾವ ಹೊತ್ತಿನಲ್ಲಿ ಕಿತ್ತು ಹೇಗೆ ಒಣಗಿಸಬೇಕು, ಮತ್ತು ಮಾತ್ರೆ ತೆಗೆದುಕೊಳ್ಳುವವರು ಇದನ್ನು ಕುಡಿಯಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಇನ್ನೊಂದು ಸಂಗತಿ: ನನ್ನ ವಾರಗಿತ್ತಿಯ ಮನೆಯಲ್ಲಿ ಇದೇ ಹೂವನ್ನು ಕುದಿಸಿದಾಗ ನೀರು ಮಸಿಯಂತೆ ಕಪ್ಪಾಗಿ, ಒಂದು ಗುಟುಕಿಗೇ ನಾಲಿಗೆ ಒಗರಾಗಿಬಿಟ್ಟಿತಂತೆ. ಅಂಗಡಿಯವರು ತೋರಿಸಿದ ಚಹಾ ಮಾತ್ರ ತಿಳಿ ಹಳದಿಯಾಗಿತ್ತು. ಈ ವ್ಯತ್ಯಾಸಕ್ಕೆ ಕಾರಣವೇನು?

ಉತ್ತರ 1: ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು, ಚಿಂತಾಮಣಿ

ಅಮ್ಮಾ, ಎರಡೂ ಒಂದೇ ಗಿಡ. ಲಿನೇಯಸ್ 1753ರಲ್ಲಿ ಇದನ್ನು ಕ್ಯಾಸಿಯ ಆರಿಕ್ಯುಲೇಟ ಎಂದು ದಾಖಲಿಸಿದ. ಈಗಿನ ಪುಸ್ತಕಗಳಲ್ಲಿ ಸೆನ್ನ ಆರಿಕ್ಯುಲೇಟ ಎಂದಿರುತ್ತದೆ. ತೆಲಂಗಾಣದವರು ಇದನ್ನು ತಂಗೇಡು ಎಂದು ಕರೆದು ತಮ್ಮ ರಾಜ್ಯದ ಹೂವಾಗಿ ಆರಿಸಿಕೊಂಡಿದ್ದಾರೆ, ಬತುಕಮ್ಮ ಹಬ್ಬದಲ್ಲಿ ಹೂಗಳನ್ನು ಸುತ್ತು ಸುತ್ತಾಗಿ ಪೇರಿಸುವಾಗ ಇದಿಲ್ಲದೆ ಅವರಿಗೆ ನಡೆಯುವುದಿಲ್ಲ. ಒಣಗಿದ ಹೂವಿನ ಚಹಾ ಕೂಡ ಅಂಗಡಿಯವರು ಹೊಸದಾಗಿ ಕಂಡುಹಿಡಿದದ್ದೇನಲ್ಲ. ಶ್ರೀಲಂಕಾದಲ್ಲಿ ರಣವರ ಎಂಬ ಹೆಸರಿನಲ್ಲಿ ಜನ ಇದನ್ನು ಹಿಂದಿನಿಂದಲೂ ಕುಡಿಯುತ್ತಾರೆ, ತಮಿಳುನಾಡಿನಲ್ಲಿ ಆವಾರಂಪೂ ಎಂದರೆ ಎಲ್ಲರಿಗೂ ಗೊತ್ತು.

ಆದರೆ ಚಹಾಕ್ಕೆ ನೀರಿಡುವ ಮೊದಲು ಗಿಡವನ್ನು ಸರಿಯಾಗಿ ಗುರುತಿಸಿಕೊಳ್ಳುವುದು ಮುಖ್ಯ, ಏಕೆಂದರೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಈ ನಮ್ಮ ಮೂರು ಜಿಲ್ಲೆಗಳ ಬಯಲಿನಲ್ಲಿ ಇದರ ಹತ್ತಿರದ ನೆಂಟರು ಹಲವರಿದ್ದು ಎಲ್ಲರದ್ದೂ ಐದು ಎಸಳಿನ ಹಳದಿ ಹೂವೇ. ತಂಗಡಿ ಸಾಮಾನ್ಯವಾಗಿ ಆಳೆತ್ತರ ಮೀರದ, ಕಂದು ತೊಗಟೆಯ ಪೊದೆ. ಒಂದೊಂದು ಎಲೆಯಲ್ಲಿ 8ರಿಂದ 12 ಜೋಡಿ ಕಿರುಎಲೆಗಳಿದ್ದು, ಅವುಗಳ ತುದಿ ಮೊಂಡಾಗಿರುತ್ತದೆ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಜಾಗವನ್ನು ಹತ್ತಿರದಿಂದ ನೋಡಿದರೆ ಕಿವಿಯ ಆಕಾರದ, ಅಗಲವಾದ, ಉದುರದೆ ಉಳಿಯುವ ಎರಡು ಹಸಿರು ತುಣುಕುಗಳು ಕಾಂಡವನ್ನು ಅಪ್ಪಿಕೊಂಡಿರುವುದು ಕಾಣುತ್ತದೆ. ಎಲೆಯ ನಡುದಂಡೆಯ ಮೇಲೆ ಕಿರುಎಲೆಗಳ ಪ್ರತಿ ಜೋಡಿಯ ನಡುವೆ ಕಡ್ಡಿಯ ತುದಿಯಷ್ಟು ಸಣ್ಣ ಗ್ರಂಥಿಯೊಂದು ನೆಟ್ಟಗೆ ನಿಂತಿರುತ್ತದೆ. ಕಾಯಿ ಚಪ್ಪಟೆ ಮತ್ತು ತೆಳು; ಒಣಗಿ ಕಂದಾದಾಗ ಒಳಗಿನ ಬೀಜದ ಗುರುತುಗಳು ಹೊರಗೇ ಕಾಣುತ್ತವೆ. ಕಿವಿ, ಗ್ರಂಥಿ, ಚಪ್ಪಟೆ ಕಾಯಿ ಈ ಮೂರೂ ಕೂಡಿದರೆ ಅದು ತಂಗಡಿಯೇ.

ತಪ್ಪಿಯೂ ತರಬಾರದ ಗಿಡವೆಂದರೆ ದೊಡ್ಡ ತಗಚೆ, ಸಂಸ್ಕೃತದಲ್ಲಿ ಕಾಸಮರ್ದ. ಇದು ತಿಪ್ಪೆಯ ಬದಿ, ಪಾಳು ನಿವೇಶನ, ರಸ್ತೆಯ ಚರಂಡಿಯಂಚಿನಲ್ಲಿ ಬೆಳೆಯುತ್ತದೆ. ಕಿರುಎಲೆಗಳು 4ರಿಂದ 6 ಜೋಡಿ ಮಾತ್ರ, ತುದಿ ಚೂಪು, ಎಲೆಯನ್ನು ಹೊಸಕಿದರೆ ಕೆಟ್ಟ ವಾಸನೆ, ಗ್ರಂಥಿ ತೊಟ್ಟಿನ ಬುಡದಲ್ಲಿ ಒಂದೇ ಒಂದು. ಪಶ್ಚಿಮ ಉತ್ತರ ಪ್ರದೇಶದಲ್ಲಿ ಮಳೆಗಾಲ ಕಳೆದ ಮೇಲೆ ಚಿಕ್ಕ ಮಕ್ಕಳು ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿ ಸಾಯುತ್ತಿದ್ದ ಕಾಯಿಲೆಯೊಂದನ್ನು ಬಹಳ ಕಾಲ ಮೆದುಳುಜ್ವರವೆಂದೇ ಭಾವಿಸಲಾಗಿತ್ತು. ಮಕ್ಕಳು ಆಟವಾಡುತ್ತ ಈ ಗಿಡದ ಬೀಜ ತಿಂದದ್ದೇ ಅದಕ್ಕೆ ಕಾರಣವೆಂದು 2007ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಯಕೃತ್ತು, ಸ್ನಾಯು, ಮೆದುಳು ಮೂರನ್ನೂ ಕೆಡಿಸುವ ವಿಷ ಅದು.

ಎರಡನೆಯದು ಸೀಮೆ ತಂಗಡಿ, ಅಂದರೆ ರಸ್ತೆ ಬದಿಯಲ್ಲಿ ನೆರಳಿಗೆಂದು ನೆಟ್ಟಿರುವ ದೊಡ್ಡ ಮರ. ಹೆಸರಿನಲ್ಲಿ ತಂಗಡಿ ಇರುವುದರಿಂದಲೇ ಅದರ ಹೂವನ್ನೂ ಬುಟ್ಟಿ ತುಂಬಿಸಿಕೊಂಡು ಹೋಗುವವರನ್ನು ನಾನು ನೋಡಿದ್ದೇನೆ. ಥಾಯ್ಲೆಂಡಿನಲ್ಲಿ ಅದರ ಎಲೆಯಿಂದ ಮಾಡಿದ ಮಾತ್ರೆಗಳನ್ನು ನಿದ್ರೆಗೆಂದು ನುಂಗಿದವರ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಆದ್ದರಿಂದ ಪೊದೆಯಿಂದ ಮಾತ್ರ ಕೀಳಿ, ಮರದಿಂದ ಬೇಡ.

ಕಪ್ಪು ಬಣ್ಣದ ವಿಚಾರ ಸುಲಭ. ತಂಗಡಿಯ ತೊಗಟೆಯಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಎಷ್ಟು ಹೇರಳವೆಂದರೆ ದಕ್ಷಿಣ ಭಾರತದಲ್ಲಿ ಬಹು ಕಾಲ ಚರ್ಮ ಹದ ಮಾಡಲು ಅದನ್ನೇ ಬಳಸುತ್ತಿದ್ದರು. ಹೂವಿನಲ್ಲೂ ಸ್ವಲ್ಪ ಟ್ಯಾನಿನ್ ಇದೆ. ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿದರೆ ಕಪ್ಪಾಗುತ್ತದೆ, ಹಿಂದೆ ಬರೆಯುವ ಮಸಿಯನ್ನು ಮಾಡುತ್ತಿದ್ದುದೂ ಇದೇ ಕ್ರಮದಲ್ಲಿ. ನಿಮ್ಮ ವಾರಗಿತ್ತಿಯವರು ಕಬ್ಬಿಣದ ಬಾಣಲೆಯಲ್ಲಿ ಕುದಿಸಿರಬೇಕು, ಇಲ್ಲವೇ ಅವರ ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿರಬೇಕು.

ಉತ್ತರ 2: ಶೇಂಗಾ ಬೆಳೆಗಾರ, ಪಾವಗಡ

ಮೇಷ್ಟ್ರು ಹೇಳಿದ್ದೆಲ್ಲ ಸರಿ. ಕೀಳುವುದು, ಒಣಗಿಸುವುದು, ಕಾಯಿಸುವುದು ಹೇಗೆಂದು ನಾನು ಬರೆಯುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ತಾಯಿಯ ಕಾಲದಿಂದ ಈ ಹೂ ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಮೇಕೆಗಳು ತಂಗಡಿಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಗೋಮಾಳದಲ್ಲಿ ಬೇರೆಲ್ಲ ಸೊಪ್ಪು ಬೋಳಾದರೂ ಇದು ಉಳಿದು ಹೂ ಬಿಡುವುದು ಅದಕ್ಕೇ.

ಹೂವನ್ನು ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಚುರುಕಾಗುವ ಮೊದಲು ಕೀಳಬೇಕು. ಅಂದೇ ಅರಳಿದ, ಎಸಳು ಬಿಗಿಯಾಗಿರುವ ಹೂ ಸಾಕು. ಹಿಂದಿನ ದಿನದ್ದು ಅಂಚಿನಲ್ಲಿ ಕಂದಾಗಿರುತ್ತದೆ, ಒಣಗಿದಾಗ ಇಡೀ ಡಬ್ಬಿಯ ಬಣ್ಣ ಕೆಡಿಸುತ್ತದೆ. ಗೊಂಚಲನ್ನೇ ಮುರಿಯದೆ ಬಿಡಿ ಹೂವನ್ನು ಚಿವುಟಿ ತೆಗೆದರೆ ಮೊಗ್ಗುಗಳು ಮುಂದಿನ ವಾರ ಮತ್ತೆ ಸಿಗುತ್ತವೆ. ಹೂವಿನೊಳಗೆ ಇರುವೆಗಳು ಇರುತ್ತವೆ, ಮನೆಗೆ ತಂದ ಕೂಡಲೇ ಬಿಳಿ ಬಟ್ಟೆಯ ಮೇಲೆ ಹರಡಿ ಒಂದು ಗಂಟೆ ಬಿಟ್ಟರೆ ಅವೇ ಹೊರಟುಹೋಗುತ್ತವೆ. ತೊಳೆಯಬೇಡಿ, ತೊಳೆದ ಎಸಳು ಒಂದಕ್ಕೊಂದು ಅಂಟಿಕೊಂಡು ಬೂಷ್ಟು ಹಿಡಿಯುತ್ತದೆ. ತೊಳೆಯಲೇಬೇಕೆನಿಸುವಷ್ಟು ಧೂಳಿರುವ ಜಾಗದ ಹೂವನ್ನು ತರದಿರುವುದೇ ಒಳ್ಳೆಯದು.

ಇಲ್ಲಿ ಜಾಗದ ಬಗ್ಗೆ ಸ್ವಲ್ಪ ಕಟ್ಟುನಿಟ್ಟಾಗಿ ಹೇಳುತ್ತೇನೆ. ಟೊಮೆಟೊ ಹೊಲದ ಬದು, ದ್ರಾಕ್ಷಿ ತೋಟದ ಬೇಲಿ, ಕಲ್ಲು ಕ್ರಷರ್ ಇರುವ ಗುಡ್ಡದ ಬುಡ, ಲಾರಿ ಓಡಾಡುವ ರಸ್ತೆಯಂಚು ಇವುಗಳಲ್ಲಿ ಎಷ್ಟೇ ಚಂದದ ಹೂವಿದ್ದರೂ ಕೈ ಹಾಕಬಾರದು. ಟೊಮೆಟೊಗೆ ವಾರಕ್ಕೊಮ್ಮೆ ಔಷಧ ಹೊಡೆಯುವವರ ಪಕ್ಕದ ಬದುವಿನಲ್ಲಿ ಬೆಳೆದ ಹೂವನ್ನು ಆರೋಗ್ಯಕ್ಕೆಂದು ಕುಡಿಯುವುದು ಯಾವ ಲೆಕ್ಕ?

ಎಸಳನ್ನು ಹಸಿರು ತೊಟ್ಟಿನಿಂದ ಬಿಡಿಸಿ, ಎಳೆಯ ಕಾಯಿ ಏನಾದರೂ ಸೇರಿದ್ದರೆ ಆರಿಸಿ ತೆಗೆದು, ನೆರಳಿನಲ್ಲಿ ಗಾಳಿಯಾಡುವ ಕಡೆ ತೆಳುವಾಗಿ ಹರಡಬೇಕು. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ, ಬಣ್ಣ ಹೋಗುತ್ತದೆ. ಹಗಲಿಗೊಮ್ಮೆ ಕೈಯಾಡಿಸುತ್ತಿದ್ದರೆ ನಾಲ್ಕೈದು ದಿನದಲ್ಲಿ ಮುಟ್ಟಿದರೆ ಗರಗರ ಎನ್ನುವ ಹದಕ್ಕೆ ಬರುತ್ತದೆ. ಆಗ ಗಾಜಿನ ಬಾಟಲಿಗೆ ತುಂಬಿ ಮುಚ್ಚಳ ಬಿಗಿ ಮಾಡಿ, ಬೆಳಕು ಬೀಳದ ಕಡೆ ಇಡಿ. ಮುಂದಿನ ಹೂವಿನ ಕಾಲದವರೆಗೆ ಸಾಕಾಗುವಷ್ಟು ಮಾತ್ರ ಮಾಡಿಕೊಳ್ಳಿ. ಹಳೆಯದರಲ್ಲಿ ಹುಳ ಬೀಳುತ್ತದೆ, ರುಚಿಯೂ ಉಳಿಯುವುದಿಲ್ಲ.

ಕಾಯಿಸುವಾಗ ಸ್ಟೀಲು ಅಥವಾ ಮಣ್ಣಿನ ಪಾತ್ರೆ ಇರಲಿ. ಒಂದು ಲೋಟ ನೀರನ್ನು ಮರಳಿಸಿ, ಒಲೆಯಿಂದ ಇಳಿಸಿ, ಒಂದು ಚಮಚ ಒಣ ಎಸಳು ಅಥವಾ ಐದಾರು ಹಸಿ ಹೂ ಹಾಕಿ, ತಟ್ಟೆ ಮುಚ್ಚಿ ಐದು ನಿಮಿಷ ಬಿಟ್ಟು ಸೋಸಬೇಕು. ನೀರಿನೊಳಗೆ ಹೂವನ್ನು ಹಾಕಿ ಕೊತಕೊತ ಕುದಿಸಿದರೆ ಒಗರು ಬಿಡುತ್ತದೆ, ನಿಮ್ಮ ವಾರಗಿತ್ತಿಯವರ ನಾಲಿಗೆ ಹಿಡಿದದ್ದು ಅದೇ. ಸರಿಯಾಗಿ ಇಳಿದ ನೀರಿಗೆ ತಿಳಿ ಹೊನ್ನಿನ ಬಣ್ಣ ಬರುತ್ತದೆ, ಹುಲ್ಲಿನ ಹಾಗೂ ಸ್ವಲ್ಪ ಜೇನಿನ ವಾಸನೆ ಇರುತ್ತದೆ. ಜಜ್ಜಿದ ಶುಂಠಿಯ ಚೂರು ಒಂದಿದ್ದರೆ ಚೆನ್ನ. ಬೆಲ್ಲ ಹಾಕಿದರೆ ಇನ್ನೂ ಚೆನ್ನ, ಆದರೆ ನಿಮ್ಮ ಅತ್ತೆಯವರಿಗೆ ಅದು ಸಲ್ಲದು.

ಉತ್ತರ 3: ಆಯುರ್ವೇದ ವೈದ್ಯೆ, ಕೋಲಾರ

ಪ್ರಶ್ನೆಯ ಮೂರನೆಯ ಭಾಗಕ್ಕೆ ಉತ್ತರಿಸುತ್ತೇನೆ. ಆಯುರ್ವೇದದಲ್ಲಿ ಇದು ಆವರ್ತಕಿ. ತಮಿಳುನಾಡಿನ ಸಿದ್ಧ ವೈದ್ಯದಲ್ಲಿ ಮಧುಮೇಹಕ್ಕೆ ಕೊಡುವ 'ಆವಾರೈ ಕುಡಿನೀರ್' ಎಂಬ ಕಷಾಯದಲ್ಲಿ ಇದರ ಜೊತೆ ನೇರಳೆ, ಮತ್ತಿ ತೊಗಟೆ ಮುಂತಾದ ಬೇರೆ ದ್ರವ್ಯಗಳೂ ಸೇರುತ್ತವೆ. ಅಂದರೆ ಪರಂಪರೆಯಲ್ಲಿಯೂ ಸಕ್ಕರೆ ಕಾಯಿಲೆಗೆ ಹೂವೊಂದನ್ನೇ ನೆಚ್ಚಿಕೊಂಡಿಲ್ಲ. ಅಣ್ಣಾಮಲೈ ವಿಶ್ವವಿದ್ಯಾಲಯದ ಸಂಶೋಧಕರು ಮಧುಮೇಹ ಬರಿಸಿದ ಇಲಿಗಳಿಗೆ ಹೂವಿನ ಸಾರ ಕೊಟ್ಟಾಗ ರಕ್ತದ ಸಕ್ಕರೆ ಇಳಿದದ್ದನ್ನು 2002ರಲ್ಲಿ ಪ್ರಕಟಿಸಿದರು; ಪೊಟ್ಟಣದ ಮೇಲಿನ 'ರಾಮಬಾಣ' ಹೆಚ್ಚಾಗಿ ಇಂತಹ ಇಲಿಗಳ ಪ್ರಯೋಗಗಳನ್ನೇ ಬೆನ್ನಿಗಿಟ್ಟುಕೊಂಡು ಬಂದದ್ದು. ಇಲಿಗೆ ತೂಕಕ್ಕೆ ತಕ್ಕಂತೆ ಅಳೆದು ಕೊಟ್ಟ ಗಟ್ಟಿ ಸಾರಕ್ಕೂ ಲೋಟದಲ್ಲಿ ಐದು ನಿಮಿಷ ನೆನೆದ ಒಂದು ಚಮಚ ಎಸಳಿಗೂ ಬಹಳ ಅಂತರವಿದೆ. ಮಾತ್ರೆ ಬಿಡಿಸುವಷ್ಟು ಭರವಸೆಯನ್ನು ಈ ಚಹಾ ಯಾರಿಗೂ ಕೊಡಲಾರದು.

ಹಾಗೆಂದು ಏನೂ ಪರಿಣಾಮವೇ ಇಲ್ಲವೆಂದು ಭಾವಿಸಿ ಲೋಟಗಟ್ಟಲೆ ಕುಡಿಯುವುದೂ ಸರಿಯಲ್ಲ. ನಿಮ್ಮ ಅತ್ತೆಯವರ ಮಾತ್ರೆಯ ಹೆಸರನ್ನು ನೀವು ಬರೆದಿಲ್ಲ. ಅದು ಗ್ಲಿಮಿಪ್ರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಗುಂಪಿನದಾಗಿದ್ದರೆ, ಇಲ್ಲವೇ ಅವರು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೆ, ಸಕ್ಕರೆ ಇಳಿಸುವ ಗುಣವಿರುವ ಯಾವುದನ್ನೇ ಜೊತೆಗೆ ಸೇರಿಸಿದರೂ ಸಕ್ಕರೆ ಮಿತಿಮೀರಿ ಕುಸಿಯುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಆ ಭಯ ಕಡಿಮೆ. ಏಕಾದಶಿಗೋ ಸೋಮವಾರಕ್ಕೋ ಉಪವಾಸ ಮಾಡುವ ಅಭ್ಯಾಸ ಅವರಿಗಿದ್ದರೆ ಆ ದಿನ ಈ ಚಹಾ ಬೇಡವೇ ಬೇಡ. ಬೆವರು, ಕೈನಡುಕ, ಕಣ್ಣು ಕತ್ತಲೆ ಬರುವುದು ಕಂಡರೆ ಕೂಡಲೇ ಸಕ್ಕರೆ ನೀರು ಕೊಡಿ; ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ ಅದು ಇಳಿದಿದೆ ಎಂದೇ ಅರ್ಥ. ಆರಂಭಿಸುವ ಮೊದಲು ಅವರಿಗೆ ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ತಿಳಿಸಿ. ದಿನಕ್ಕೆ ಒಂದು ಲೋಟಕ್ಕಿಂತ ಹೆಚ್ಚು ಬೇಡ.

ಮನೆಯ ಉಳಿದವರ ಬಗ್ಗೆಯೂ ಒಂದು ಮಾತು. ಮೂರ್ಛೆ ರೋಗಕ್ಕೆ ಕಾರ್ಬಮಜೆಪಿನ್ ತೆಗೆದುಕೊಳ್ಳುವವರು ಇದನ್ನು ಕುಡಿಯಬಾರದು, ಏಕೆಂದರೆ ಈ ಚಹಾದ ಜೊತೆ ಕೊಟ್ಟಾಗ ಇಲಿಗಳ ರಕ್ತದಲ್ಲಿ ಆ ಔಷಧದ ಮಟ್ಟ ಸಾಕಷ್ಟು ಏರಿದ್ದನ್ನು ಶ್ರೀಲಂಕಾದ ಸಂಶೋಧಕರು ಕಂಡಿದ್ದಾರೆ. ಗರ್ಭಿಣಿಯರಿಗೆ ಬೇಡ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುವ ಹೆಣ್ಣುಮಕ್ಕಳು ಕುಡಿಯುವುದಾದರೆ ಚಹಾವನ್ನು ಮಾತ್ರೆಯಿಂದಲೂ ಊಟದಿಂದಲೂ ಎರಡು ಗಂಟೆ ದೂರವಿಡಬೇಕು. ವಾರಗಿತ್ತಿಯವರ ಬಾಣಲೆಯಲ್ಲಿ ಕಬ್ಬಿಣವನ್ನು ಹಿಡಿದುಕೊಂಡ ಟ್ಯಾನಿನ್ ಹೊಟ್ಟೆಯಲ್ಲಿಯೂ ಅದನ್ನೇ ಮಾಡುತ್ತದೆ.

ಉತ್ತರ 4: ಗಡಿ ಊರಿನವನು, ಬಂಗಾರಪೇಟೆ

ಇಷ್ಟೊಂದು ಹೆದರಿಸುವ ಅಗತ್ಯವಿತ್ತೇ ಎಂದು ಕೇಳಬೇಕೆನಿಸುತ್ತದೆ. ನಮ್ಮ ತಾಯಿಯ ಕಡೆಯವರು ತಮಿಳರು. 'ಆವಾರೆ ಹೂ ಬಿಟ್ಟಿರುವಾಗ ಸಾಯುವವರನ್ನು ಕಂಡವರುಂಟೇ' ಎಂಬ ಗಾದೆಯೇ ಅವರಲ್ಲಿದೆ. ಅಜ್ಜಿ ಈ ಹೂವನ್ನು ಬೇಳೆಯ ಜೊತೆ ಬೇಯಿಸಿ ಸಾರು ಮಾಡುತ್ತಿದ್ದರು, ಬೇಸಿಗೆಯಲ್ಲಿ ಹೊಲಕ್ಕೆ ಹೋಗುವಾಗ ತಲೆಗೆ ಎಲೆಯ ಕಂತೆ ಕಟ್ಟಿಕೊಳ್ಳುತ್ತಿದ್ದರು, ಒಣ ಹೂವನ್ನು ಕಡಲೆಹಿಟ್ಟಿನೊಂದಿಗೆ ಬೀಸಿ ಮೈಗೆ ಹಚ್ಚುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ.

ಉತ್ತರ 5: ಆಯುರ್ವೇದ ವೈದ್ಯೆ, ಕೋಲಾರ

ಸರ್, ನಿಮ್ಮ ಅಜ್ಜಿಯವರ ಸಾರಿನ ಬಗ್ಗೆ ನನ್ನ ತಕರಾರಿಲ್ಲ, ವರ್ಷದಲ್ಲಿ ನಾಲ್ಕಾರು ಬಾರಿ ನಾನೂ ಅದನ್ನು ಸಂತೋಷದಿಂದ ಉಣ್ಣುತ್ತೇನೆ. ಆದರೆ ಅವರು ಸಾರಿನ ಜೊತೆ ಗ್ಲಿಮಿಪ್ರೈಡ್ ನುಂಗುತ್ತಿರಲಿಲ್ಲ. ಇಲ್ಲಿ ಪ್ರಶ್ನೆ ಕೇಳಿದವರ ಅತ್ತೆಯವರು ದಿನಕ್ಕೆ ಎರಡು ಬಾರಿ ಮಾತ್ರೆ ತೆಗೆದುಕೊಳ್ಳುವವರು, ಮತ್ತು ಚಹಾ ಕುಡಿದ ಹುಮ್ಮಸ್ಸಿನಲ್ಲಿ ಮಾತ್ರೆ ನಿಲ್ಲಿಸಿ ಕಾಲಿನ ಹುಣ್ಣು ಮಾಡಿಕೊಂಡು ಬರುವವರನ್ನು ನಾನು ಚಿಕಿತ್ಸಾಲಯದಲ್ಲಿ ನೋಡುತ್ತಲೇ ಇರುತ್ತೇನೆ.

ಪ್ರಶ್ನೆ ಕೇಳಿದವರು: ಮಧುಗಿರಿ ಸೀಮೆಯ ಸೊಸೆ

ಎಲ್ಲರಿಗೂ ಧನ್ಯವಾದಗಳು. ಮಾತ್ರೆಯ ಚೀಟಿಯನ್ನು ತೆಗೆದು ನೋಡಿದೆ, ಮೆಟ್‌ಫಾರ್ಮಿನ್ ಮತ್ತು ಗ್ಲಿಮಿಪ್ರೈಡ್ ಎರಡೂ ಸೇರಿದ ಮಾತ್ರೆಯೇ ಅದು. ಹಾಗಾಗಿ ಮೊದಲು ವೈದ್ಯರನ್ನು ಕೇಳುವುದೆಂದು ಅತ್ತೆಯವರನ್ನು ಒಪ್ಪಿಸಿದ್ದೇನೆ. ಎಲೆಯ ತೊಟ್ಟಿನ ಬುಡದಲ್ಲಿ ಕಿವಿಯಂಥ ತುಣುಕುಗಳು ಮೇಷ್ಟ್ರು ಹೇಳಿದ ಹಾಗೆಯೇ ಇವೆ. ಉಳಿದದ್ದು ನೀರಿನ ಪ್ರಶ್ನೆ: ಅತ್ತೆಯವರು ನಾಲ್ಕು ಲೋಟ ನೀರನ್ನು ಒಂದು ಲೋಟಕ್ಕೆ ಇಳಿಸಿ ಕಷಾಯವಾಗಿಯೇ ಕುಡಿಯಬೇಕು ಎನ್ನುತ್ತಾರೆ. ಕೊಳವೆಬಾವಿಯ ನೀರು ಬಳಸಿದರೆ ತೊಂದರೆಯೇ?

ಉತ್ತರ 6: ನೀರಿನ ಘಟಕ ನೋಡಿಕೊಳ್ಳುವವನು, ಬಾಗೇಪಲ್ಲಿ

ಮೇಡಂ, ದಯವಿಟ್ಟು ಕೊಳವೆಬಾವಿಯ ನೀರಿನಲ್ಲಿ ಹಾಗೆ ಮಾಡಬೇಡಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗಳ ಅನೇಕ ಊರುಗಳಲ್ಲಿ ಅಂತರ್ಜಲಕ್ಕೆ ಫ್ಲೋರೈಡ್ ಬಂದಿದೆ; ಪಾವಗಡ, ಬಾಗೇಪಲ್ಲಿಯ ಕಡೆ ಹಲ್ಲು ಕಲೆಯಾದವರನ್ನು, ಮಂಡಿ ಬಗ್ಗದವರನ್ನು ನೋಡಲು ಹುಡುಕಬೇಕಾಗಿಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಕುದಿಸಿದರೆ ಫ್ಲೋರೈಡ್ ಆವಿಯಾಗಿ ಹೋಗುವುದಿಲ್ಲ, ನೀರು ಮಾತ್ರ ಹೋಗುತ್ತದೆ. 1.2 ಇರುವ ನಾಲ್ಕು ಲೋಟ ನೀರನ್ನು ಒಂದಕ್ಕೆ ಇಳಿಸಿದರೆ ಆ ಲೋಟದಲ್ಲಿ ಲೀಟರಿಗೆ ಸುಮಾರು 4.8ರ ಲೆಕ್ಕ ಬರುತ್ತದೆ. ಮೂತ್ರಪಿಂಡ ಬಲಹೀನವಾಗಿರುವ ಸಕ್ಕರೆ ಕಾಯಿಲೆಯವರ ದೇಹಕ್ಕೆ ಅದನ್ನು ಹೊರಹಾಕುವುದು ಇನ್ನೂ ಕಷ್ಟ. ಊರಿನ ಶುದ್ಧ ನೀರಿನ ಘಟಕದಿಂದ ತಂದ ನೀರು ಅಥವಾ ಚೊಕ್ಕವಾಗಿ ಹಿಡಿದಿಟ್ಟ ಮಳೆನೀರು ಬಳಸಿ, ಪಾವಗಡದವರು ಬರೆದಂತೆ ಇಳಿಸಿ ಮುಚ್ಚಿಟ್ಟು ಸೋಸಿದರೆ ಸಾಕು. ಘಟಕದ ನೀರಿನಲ್ಲಿ ಚಹಾದ ಬಣ್ಣವೂ ತಿಳಿಯಾಗಿ ಬರುತ್ತದೆ.

ಉತ್ತರ 7: ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು, ಚಿಂತಾಮಣಿ

ನೀರಿನ ಉತ್ತರ ಬಹಳ ಉಪಯುಕ್ತವಾಗಿದೆ. ಒಂದು ವಿಷಯ ಸೇರಿಸಿ ಮುಗಿಸುತ್ತೇನೆ. ಸಿದ್ಧರಬೆಟ್ಟ, ದೇವರಾಯನದುರ್ಗ, ಅಂತರಗಂಗೆಯ ಕಡೆ ಹೋದವರು ಮೂಲಿಕೆಯೆಂದು ಕಂಡದ್ದನ್ನೆಲ್ಲ ಕಿತ್ತು ಚೀಲ ತುಂಬಿಸಿಕೊಂಡು ಬರುವುದು ಹೆಚ್ಚಾಗಿದೆ. ಅರಣ್ಯ ಇಲಾಖೆಯ ಜಾಗದಿಂದ ಅನುಮತಿಯಿಲ್ಲದೆ ಏನನ್ನೂ ತರುವಂತಿಲ್ಲ. ಅಮ್ಮಾ, ನಿಮ್ಮ ಬೇಲಿಯ ಪಕ್ಕ ಎರಡು ತಂಗಡಿ ಗಿಡ ಹಾಕಿಕೊಳ್ಳಿ. ಈಗಿನ ಹೂ ಕಾಯಿಕಟ್ಟಿ ಒಣಗಿದ ಮೇಲೆ ಬೀಜ ತೆಗೆದಿಟ್ಟುಕೊಂಡು, ಮುಂಗಾರಿನ ಮೊದಲ ಮಳೆಗೆ ಬಿತ್ತಬೇಕು. ಬೀಜದ ಸಿಪ್ಪೆ ಬಹಳ ಗಟ್ಟಿ. ಕುದಿದು ಇಳಿಸಿದ ನೀರಿಗೆ ಬೀಜ ಹಾಕಿ, ಅದೇ ನೀರಿನಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಉಬ್ಬಿದವನ್ನು ಮಾತ್ರ ಆರಿಸಿ ಮಣ್ಣಿಗೆ ಹಾಕಿ. ಉಬ್ಬದೆ ಉಳಿದವನ್ನು ಒರಟು ಕಲ್ಲಿನ ಮೇಲೆ ಸ್ವಲ್ಪ ಉಜ್ಜಿ ಮತ್ತೆ ನೆನೆಸಿದರೆ ಅವುಗಳಲ್ಲೂ ಕೆಲವು ಮೊಳೆಯುತ್ತವೆ. ಗೊಬ್ಬರ ಬೇಕಿಲ್ಲ, ನೀರು ನಿಲ್ಲದ ಕೆಂಪು ಮಣ್ಣು ಸಾಕು.